ಇನ್ನೂರೈವತ್ತಾರು ಬಣ್ಣಗಳಲ್ಲಿ ಒಂದು ಮುಖ

ಆ ಹೆಂಗಸು ಅಂಗಡಿಯ ಮೆಟ್ಟಿಲು ಹತ್ತಿ ಬಂದಾಗ ನಾನು ಹೊನ್ನಾಳಿಯವರೊಬ್ಬರ ಗೃಹಪ್ರವೇಶದ ಕಾರ್ಡಿನಲ್ಲಿ ಮಾವಿನ ತೋರಣ ಅಲ್ಲಾಡಿಸುತ್ತಾ ಕೂತಿದ್ದೆ. ಚನ್ನಗಿರಿ ಬಸ್ ನಿಲ್ದಾಣದ ಹತ್ತಿರ ನನ್ನದೊಂದು ಸ್ಟುಡಿಯೋ. ಫೋಟೋ ತೆಗೆಸಿಕೊಳ್ಳಲು ಬರುವವರು ಕಡಿಮೆಯಾದ ಮೇಲೆ ನನ್ನನ್ನು ಸಾಕುತ್ತಿರುವುದು ಈ ಅಲ್ಲಾಡುವ ಚಿತ್ರಗಳೇ. ಈಗ ಯಾರೂ ಮನೆಮನೆಗೆ ಹೋಗಿ ಕಾರ್ಡು ಹಂಚುವುದಿಲ್ಲ, ಒಂದು ಲಿಂಕ್ ಕಳಿಸುತ್ತಾರೆ. ಒತ್ತಿದರೆ ಪುಟವೊಂದು ತೆರೆದುಕೊಂಡು, ಮದುವೆಯಾದರೆ ಅಕ್ಷತೆ ಉದುರುತ್ತದೆ, ನಾಮಕರಣವಾದರೆ ತೊಟ್ಟಿಲು ತೂಗುತ್ತದೆ, ತಿಥಿಯಾದರೆ ಸತ್ತವರ ಫೋಟೋದ ಎರಡೂ ಬದಿಗೆ ದೀಪ ಉರಿಯುತ್ತದೆ. ಇದನ್ನೆಲ್ಲ ಮಾಡುವವಳು ನಾನು. ಅಕ್ಷತೆಗೂ ಕೈ ನನ್ನದೇ, ದೀಪಕ್ಕೂ ಕೈ ನನ್ನದೇ.

ಅವಳು ಕೂರಲಿಲ್ಲ. ಸೆರಗಿನಲ್ಲಿ ಸುತ್ತಿಕೊಂಡಿದ್ದ ಫೋನು ತೆಗೆದು ನನ್ನ ಮುಖದ ಮುಂದೆ ಹಿಡಿದಳು.

"ಇದನ್ನ ಮಾಡಿದ್ದು ನೀವೇನಾ?"

ಹಳದಿ ಕೆಂಪು ಬೆರೆತ ಹಿನ್ನೆಲೆ, ದಪ್ಪನೆಯ ಚೆಂಡುಹೂವಿನ ಹಾರ, ಎರಡು ದೀಪ, ನಡುವೆ ಬೂದಿ ಬಣ್ಣದ ಒಂದು ಹುಡುಗಿಯ ಮುಖ. ಈ ಚಿತ್ರ ಹನ್ನೊಂದು ತಿಂಗಳಿಂದ ನನ್ನ ಬೆನ್ನು ಬಿದ್ದಿತ್ತು.

ಅದನ್ನು ಮೊದಲು ಹೇಳಬೇಕು. ಹನ್ನೊಂದು ತಿಂಗಳ ಹಿಂದೆ ಯಾರೋ ಒಬ್ಬರು ಫೋನು ಮಾಡಿ, ತಂಗಿಯ ಮಗಳು ತೀರಿಕೊಂಡಿದ್ದಾಳೆ, ನಾಡಿದ್ದು ಹನ್ನೊಂದನೇ ದಿನದ ಕಾರ್ಯ, ಇವತ್ತೇ ಬೇಕು ಎಂದು ಒಂದು ಫೋಟೋ ಕಳಿಸಿದ್ದರು. ಅವತ್ತು ನನಗೆ ಮೂರು ಮದುವೆಯ ಕೆಲಸ ಇತ್ತು. ಅರ್ಧ ಗಂಟೆಯಲ್ಲಿ ಮುಗಿಸಿ ಕಳಿಸಿ, ತಿರುಗಿ ಕೂಡ ನೋಡಲಿಲ್ಲ. ಮರುದಿನ ಅದು ಯಾವುದೋ ಗ್ರೂಪಿನಿಂದ ನನ್ನ ಫೋನಿಗೇ ಬಂತು. ಆಗ ಕಣ್ಣಿಗೆ ಬಿತ್ತು ಆ ಮುಖ. ದೀಪದ ಕುಡಿ ಒಂದೊಂದು ಸಲ ಓಲಾಡಿದಾಗಲೂ ಮುಖದ ಬಣ್ಣ ಬದಲಾಗುತ್ತಿತ್ತು. ಬೂದಿ, ಆಮೇಲೆ ಒಂದು ತೆಳು ಹಸಿರು, ಮತ್ತೆ ಬೂದಿ. ಹಾಗೆ ಬದಲಾಗುವಾಗ ತುಟಿಯ ಅಂಚಿನಲ್ಲಿ ಏನೋ ಮಿಸುಕಿದಂತಾಗುತ್ತಿತ್ತು. ಏನೋ ಹೇಳಲು ಬಾಯಿ ತೆರೆಯುವುದು, ಬೇಡ ಎಂದು ಸುಮ್ಮನಾಗುವುದು, ಮತ್ತೆ ತೆರೆಯುವುದು. ಎರಡು ಸೆಕೆಂಡಿಗೊಮ್ಮೆ ಮೊದಲಿಗೆ ಮರಳುವ ಚಿತ್ರ ಅದು. ನಿಲ್ಲುವುದೇ ಇಲ್ಲ.

ಅಳಿಸಿದೆ. ಮತ್ತೆ ಬಂತು. ನ್ಯಾಮತಿಗೆ ನಾಮಕರಣದ ಫೋಟೋ ತೆಗೆಯಲು ಹೋದರೆ, ಆ ಮನೆಯ ಮಗುವಿನ ಸೋದರತ್ತೆ ತನ್ನ ಫೋನು ನನ್ನ ಕೈಗೆ ಕೊಟ್ಟು ಯಾವುದೋ ಸೀರೆ ತೋರಿಸಲು ಹೋಗಿ, ಬೆರಳು ಜಾರಿ ಇದೇ ಮುಖ ತೆರೆಯಿತು. ಹೊನ್ನಾಳಿಗೆ ಹೋಗುವ ಬಸ್ಸಿನಲ್ಲಿ ಪಕ್ಕದ ಸೀಟಿನವಳು ಹಳೆಯ ಸಂದೇಶಗಳನ್ನು ಅಳಿಸುತ್ತಾ ಕೂತಿದ್ದಳು, ಅವುಗಳ ನಡುವೆ ಇದೂ ಒಂದು ಕ್ಷಣ ದೀಪ ಹಚ್ಚಿಕೊಂಡು ಹೋಯಿತು. ನಾನು ಅಳ್ಳೆದೆಯವಳಲ್ಲ. ಎಷ್ಟು ಹೆಣಗಳ ಫೋಟೋಕ್ಕೆ ಕಣ್ಣು ಬಿಡಿಸಿ ಕೊಟ್ಟಿಲ್ಲ! ಆದರೆ ಈ ಹುಡುಗಿಗೆ ಮಾತ್ರ ಹೆದರುತ್ತಿದ್ದೆ. ಇವಳನ್ನು ಎಲ್ಲೋ ನೋಡಿದ್ದೇನೆ ಅನ್ನಿಸುತ್ತಿತ್ತು, ಎಲ್ಲಿ ಎಂದು ಹೊಳೆಯುತ್ತಿರಲಿಲ್ಲ. ಆ ಹೊಳೆಯದಿರುವುದೇ ಹೆಚ್ಚು ಹೆದರಿಕೆ.

"ಹೌದು, ನಾನೇ ಮಾಡಿದ್ದು. ಏನಾಗೈತೆ?" ಎಂದೆ. ಜಗಳಕ್ಕೆ ಬಂದವರ ಹತ್ತಿರ ಮೊದಲು ದನಿ ಏರಿಸುವುದು ನನ್ನ ಕೆಟ್ಟ ಗುಣ.

ಅವಳು ದನಿ ಏರಿಸಲಿಲ್ಲ. "ಮುಂದಿನ ಅಮಾಸೆ ಆದ ಮ್ಯಾಲೆ ವರ್ಷದ ಎಡೆ ಇಡಬೇಕು. ಇದರ ಮುಂದೆ ಎಡೆ ಇಡಾಕೆ ನನಗೆ ಕೈ ಬರಲ್ಲ. ಇದು ನನ್ನ ಮಗಳಲ್ಲ ಕಣ್ರೀ. ಯಾರೋ ಬ್ಯಾರೆ ಹುಡುಗಿಗೆ ಉಣ್ಣಾಕೆ ಇಕ್ಕಿದಂಗೆ ಆಗ್ತೈತೆ."

ನಮ್ಮ ಕಡೆ ವರ್ಷ ತುಂಬಿದ ದಿನ ಸತ್ತವರ ಫೋಟೋದ ಮುಂದೆ ಎಲೆ ಹಾಕಿ, ಅವರಿಗೆ ಏನೇನು ಇಷ್ಟವೋ ಅದನ್ನೆಲ್ಲ ಬಡಿಸುತ್ತಾರೆ. ಆಮೇಲೆ ಕೋಣೆಯ ಬಾಗಿಲು ಮುಂದೆ ಮಾಡಿ ಮನೆಯವರೆಲ್ಲ ಹೊರಗೆ ಬಂದು ಸ್ವಲ್ಪ ಹೊತ್ತು ಕೂರುತ್ತಾರೆ. ಒಳಗೆ ಅವರು ಬಂದು ಉಂಡು ಹೋಗುತ್ತಾರೆ ಎಂದು ನಂಬಿಕೆ. ಬಂದವರು ಫೋಟೋ ನೋಡಿ ಇದು ತಮ್ಮ ಎಲೆ ಎಂದು ಗುರುತು ಹಿಡಿಯಬೇಕಲ್ಲ.

"ಮನೇಲಿ ಕಟ್ಟು ಹಾಕ್ಸಿದ ಫೋಟೋ ಇಲ್ವೇನು?" ಎಂದೆ.

"ಐತೆ. ಅದೂ ನೀವೇ ಮಾಡಿದ್ದು. ಜಗಳೂರಿಗೆ ಅಂತ."

ಆಗ ಗೊತ್ತಾಯಿತು.

ಕತ್ತಲಗೆರೆಯ ಹುಡುಗಿ. ಮನೆಯಲ್ಲೇ ಮೆಷಿನ್ ಇಟ್ಟುಕೊಂಡು ರವಿಕೆ ಹೊಲಿಯುತ್ತಿದ್ದಳು. ವರನ ಕಡೆಯವರಿಗೆ ಕಳಿಸುವ ಫೋಟೋ ತೆಗೆಸಲು ತಾಯಿಯ ಜೊತೆ ಮೂರು ಸಲ ಬಂದಿದ್ದಳು, ಎರಡು ವರ್ಷದ ಒಳಗೆ. ಮೊದಲನೆಯದು ಹೊನ್ನಾಳಿಯ ಸಂಬಂಧಕ್ಕೆ. ಎರಡನೆಯದು ನ್ಯಾಮತಿಗೆ. ಮೂರನೆಯದು ಜಗಳೂರಿಗೆ. ಎಣ್ಣೆಗಪ್ಪು ಬಣ್ಣ, ಹೊಳೆಯುವ ಮುಖ, ಸುಮ್ಮನೆ ನಿಲ್ಲಲಾಗದ ಕಣ್ಣು. ನನ್ನ ಕಂಪ್ಯೂಟರಿನಲ್ಲಿ ಒಂದು ಕೀಲಿ ಇದೆ, ಒತ್ತಿದರೆ ಮುಖ ಬೆಳ್ಳಗಾಗುತ್ತದೆ. ಈ ಸುತ್ತಿನ ಎಲ್ಲ ಸ್ಟುಡಿಯೋದಲ್ಲೂ ಅಂಥದ್ದೊಂದು ಇದೆ, ಕೇಳಿದರೂ ಕೇಳದಿದ್ದರೂ ಒತ್ತುತ್ತೇವೆ. ಕೈಗೆ ರೂಢಿ. ಗಿರಾಕಿ ನಕ್ಕರೆ ಸರಿಯಾಗಿದೆ ಎಂದು ಅರ್ಥ. ಹೊನ್ನಾಳಿಗೆ ಒಂದು ಸಲ ಒತ್ತಿದೆ. ನ್ಯಾಮತಿಗೆ ಎರಡು ಸಲ. ಜಗಳೂರಿನ ಹೊತ್ತಿಗೆ ತಾಯಿ ಬೆಂಚಿನ ತುದಿಯಲ್ಲಿ ಕೂತು, "ಇನ್ನೊಂದ್ ಸೊಲ್ಪ" ಅಂದಳು, ನಾನು "ಇನ್ನೂ ಬೆಳ್ಳಗೆ ಮಾಡಿದ್ರೆ ಮೂಗೇ ಕಾಣ್ಸಲ್ಲ ಬಿಡ್ರಿ" ಎಂದು ನಗುತ್ತಲೇ ಒತ್ತಿದೆ.

ಆ ಫೋಟೋವನ್ನೇ ಹುಡುಗಿಯ ಸೋದರಮಾವ ಹನ್ನೊಂದು ತಿಂಗಳ ಹಿಂದೆ ನನಗೆ ಕಳಿಸಿದ್ದು. ನಾನು ರೂಢಿಯಂತೆ ಅದಕ್ಕೂ ಒಂದು ಸಲ ಕೀಲಿ ಒತ್ತಿದ್ದೆ. ಸತ್ತವಳಿಗೂ ಒತ್ತಿದ್ದೆ. ನಾನೇ ತೆಗೆದ ಫೋಟೋ, ನನ್ನ ಸ್ಟುಡಿಯೋದ ನೀಲಿ ಪರದೆ ಹಿಂದೆ, ಆದರೂ ಗುರುತು ಹತ್ತಲಿಲ್ಲ. ಅಷ್ಟು ಚೆನ್ನಾಗಿ ಅಳಿಸಿದ್ದೆ ಅವಳನ್ನು.

"ಏನಾಗಿತ್ತಮ್ಮ?" ಎಂದೆ.

"ಜ್ವರ. ಒಂದು ವಾರ" ಎಂದಳು. ಆಮೇಲೆ ಅದಕ್ಕೂ ಮೊದಲಿನದನ್ನು ಹೇಳತೊಡಗಿದಳು. ಹೊನ್ನಾಳಿಯವರು ಬಂದು ಚಾ ಕುಡಿದು, ಹೊರಗೆ ಹೋಗಿ ಪಿಸಪಿಸ ಮಾತಾಡಿ, ಹಂಗೇ ಹೋದರಂತೆ. ನ್ಯಾಮತಿಯವರು ಕೂರಲೂ ಇಲ್ಲ. ಜಗಳೂರಿನವರ ಜೊತೆ ಬಂದಿದ್ದ ಒಬ್ಬ ಹೆಂಗಸು ಫೋನು ತೆಗೆದು, ನನ್ನ ಫೋಟೋವನ್ನು ಹುಡುಗಿಯ ಕೆನ್ನೆಯ ಪಕ್ಕಕ್ಕೆ ಹಿಡಿದು, ಎಲ್ಲರ ಮುಂದೆ, "ಇದ್ಯಾವುದು, ಅದ್ಯಾವುದು?" ಎಂದು ಕೇಳಿದಳಂತೆ. ಹುಡುಗಿ ತಟ್ಟೆ ಕೆಳಗಿಟ್ಟು, "ಅದು ಸ್ಟುಡಿಯೋದು, ಇದು ಮನೇದು" ಎಂದು ಒಳಗೆ ಹೋದಳಂತೆ.

"ಆವತ್ತಿಂದ ಅವಳು ಕನ್ನಡಿ ಮುಂದೆ ನಿಲ್ಲೋದೇ ಬಿಟ್ಲು ಕಣ್ರೀ. ಮಾಡ್ಸಿದ್ದು ನಾನೇ. ಬೆಳ್ಳಗೆ ಮಾಡ್ರಿ ಅಂದೋಳು ನಾನೇ ಅಲ್ವಾ."

ನನಗೆ ನಾಚಿಕೆಯಾಯಿತು. ಸಿಟ್ಟೂ ಬಂತು, ಯಾರ ಮೇಲೆ ಎಂದು ಗೊತ್ತಾಗದೆ ಎದ್ದು ಫ್ಯಾನು ಆರಿಸಿ ಮತ್ತೆ ಹಾಕಿದೆ. "ಕೂತ್ಕಳ್ರಿ ಮೊದ್ಲು. ಮಾಡೋಣ" ಎಂದೆ.

ಮಾಡುವುದು ಹೇಗೆ? ಮೂಲ ಫೋಟೋ ಇರಲಿಲ್ಲ. ಜಾಗ ಉಳಿಯಲಿ ಎಂದು ತಿದ್ದಿದ್ದನ್ನೇ ಮೂಲದ ಮೇಲೆ ಉಳಿಸುವುದು ನನ್ನ ಚಾಳಿ. ಮೂರೂ ಫೋಟೋ ಸಿಕ್ಕವು, ಮೂರೂ ಬೆಳ್ಳಗೆ. ತಾಯಿ ಚೀಲದಿಂದ ಒಂದೊಂದೇ ತೆಗೆದಳು. ಆಧಾರ್ ಕಾರ್ಡು, ಅದರಲ್ಲಿ ಅವಳೂ ಎಲ್ಲರ ಹಾಗೆ ಯಾರೋ ಆಗಿದ್ದಳು. ಶಾಲೆಯ ಗುಂಪು ಫೋಟೋ, ಮುಖ ಅಕ್ಕಿಕಾಳಿನಷ್ಟು. ಹುಡುಗಿಯ ಫೋನಿನಲ್ಲಿ ಅವಳೇ ತೆಗೆದುಕೊಂಡವು ನಲವತ್ತು ಇದ್ದವು. ಆ ಅಗ್ಗದ ಫೋನು ತಾನಾಗಿಯೇ ಎಲ್ಲರನ್ನೂ ಮೈದಾಹಿಟ್ಟಿನಲ್ಲಿ ಹೊರಳಿಸುವಂಥದ್ದು. ಒಬ್ಬ ಹೆಣ್ಣಿನ ಇಪ್ಪತ್ತಾರು ವರ್ಷದ ಬಾಳಿನಲ್ಲಿ ಅವಳ ಬಣ್ಣ ಎಲ್ಲಿಯೂ ಉಳಿದಿರಲಿಲ್ಲ. ತಾಯಿಯ ಕಣ್ಣಿನಲ್ಲಿ ಮಾತ್ರ ಉಳಿದಿತ್ತು, ಅದನ್ನು ನಾನು ತೆಗೆದುಕೊಳ್ಳುವಂತಿರಲಿಲ್ಲ.

"ಬೆಳ್ಳಗೆ ಮಾಡಿದ್ದು ಸರಿ. ಈ ಬೂದಿ ಯಾಕೆ ಬಂತು? ಹೆಣದ ಬಣ್ಣ ಐತಲ್ಲ ಇದು" ಎಂದಳು.

ಗಿರಾಕಿಗಳಿಗೆ ನಾನು ಕೆಲಸ ವಿವರಿಸುವುದಿಲ್ಲ. ಅವತ್ತು ವಿವರಿಸಿದೆ. ಈ ಅಲ್ಲಾಡುವ ಚಿತ್ರಕ್ಕೆ ಇನ್ನೂರೈವತ್ತಾರಕ್ಕಿಂತ ಹೆಚ್ಚು ಬಣ್ಣ ಹಿಡಿಯುವುದಿಲ್ಲ. ಇನ್ನೂರೈವತ್ತಾರು ಗೂಡಿನ ಒಂದು ನೂಲಿನ ಪೆಟ್ಟಿಗೆ ಅಂದುಕೊಳ್ಳಿ ಎಂದೆ. ಮಗಳು ದರ್ಜಿಯಾಗಿದ್ದಳಲ್ಲ, ತಾಯಿಗೆ ತಕ್ಷಣ ತಿಳಿಯಿತು. ಯಾವ ಗೂಡಿಗೆ ಯಾವ ಬಣ್ಣ ಎಂದು ಕಂಪ್ಯೂಟರು ತಾನೇ ಆರಿಸುತ್ತದೆ. ಯಾವುದು ಹೆಚ್ಚು ಜಾಗ ತಿಂದಿದೆಯೋ ಅದಕ್ಕೆ ಹೆಚ್ಚು ಗೂಡು. ಯಾವುದಕ್ಕೆ ಗೂಡು ಸಿಗಲಿಲ್ಲವೋ ಅದಕ್ಕೆ ಹತ್ತಿರದ ಬಣ್ಣ ಯಾವುದಿದೆಯೋ ಅದನ್ನೇ ಬಳಿಯುತ್ತದೆ, ಇಲ್ಲವೇ ಎರಡು ಬಣ್ಣದ ಚುಕ್ಕೆ ಉದುರಿಸಿ ಮೂರನೆಯದರಂತೆ ಕಾಣಿಸುತ್ತದೆ. ನಾನು ಪ್ರತಿ ಚೌಕಟ್ಟಿಗೂ, ಅಂದರೆ ಒಂದರ ಹಿಂದೊಂದು ಓಡುವ ಪ್ರತಿ ಬಿಡಿಚಿತ್ರಕ್ಕೂ, ಬೇರೆ ಬೇರೆ ಪೆಟ್ಟಿಗೆ ಕೊಟ್ಟಿದ್ದೆ, ಅವಸರದಲ್ಲಿ. ಅದಕ್ಕೇ ದೀಪ ಓಲಾಡಿದಾಗಲೆಲ್ಲ ಮುಖದ ಬಣ್ಣವೂ ಓಲಾಡುತ್ತಿತ್ತು.

ಅವಳು ಪರದೆಯ ಹತ್ತಿರ ಬಂದಳು. ನಾನು ಆ ಬಣ್ಣದ ಕೋಷ್ಟಕ ತೆರೆದು ತೋರಿಸಿದೆ. ಸಾಲು ಸಾಲು ಚೌಕ. ಹಳದಿ, ಹಳದಿ, ಕಿತ್ತಳೆ, ಕೆಂಪು, ಮತ್ತೆ ಹಳದಿ.

"ಇದ್ರಾಗೆ ನನ್ನ ಮಗಳ ಮುಖಕ್ಕೆ ಎಷ್ಟು ಕೊಟ್ಟಿದ್ರಿ?"

ಎಣಿಸಿದೆ. "ಒಂಬತ್ತು."

"ಹೂವಿಗೆ?"

ನಾನು ಎಣಿಸಲಿಲ್ಲ. ಕಣ್ಣಿಗೇ ಕಾಣುತ್ತಿತ್ತು, ಅರ್ಧಕ್ಕಿಂತ ಹೆಚ್ಚು.

"ಸತ್ತೋಳು ಹೂವೇನ್ರೀ?" ಎಂದಳು.

ಇಷ್ಟು ವರ್ಷದಲ್ಲಿ ನನ್ನ ಕೆಲಸಕ್ಕೆ ಯಾರೂ ಹೀಗೆ ತಪ್ಪು ಹಿಡಿದಿರಲಿಲ್ಲ. ಎರಡು ದಿನ ಬಿಟ್ಟು ಬರಲು ಹೇಳಿ ಕಳಿಸಿದೆ.

ಆ ಎರಡು ದಿನ ನಾನು ಮಾಡಿದ್ದೆಲ್ಲ ಹಾಳು. ಅಂದಾಜಿನ ಮೇಲೆ ಕಂದು ಬಳಿದೆ, ಮಣ್ಣಿನ ಗೊಂಬೆಯಾಯಿತು. ನನ್ನ ಮುಂಗೈಯ ಫೋಟೋ ತೆಗೆದು ಅದರ ಬಣ್ಣ ಹಚ್ಚಿದೆ. ನಾನೂ ಕಪ್ಪೇ, ಆದರೆ ನನ್ನದು ಬೇರೆ ಕಪ್ಪು, ಹೊಳಪಿಲ್ಲದ್ದು. ಹಚ್ಚಿದರೆ ಅವಳ ಮುಖದಿಂದ ನಾನೇ ನನ್ನನ್ನು ನೋಡುತ್ತಿದ್ದೆ. ಥಟ್ಟನೆ ಮುಚ್ಚಿದೆ. ಮಟಮಟ ಮಧ್ಯಾಹ್ನ, ಹೊರಗೆ ಬಸ್ಸಿನವರು ದಾವಣಗೆರೆ ದಾವಣಗೆರೆ ಎಂದು ಕೂಗುತ್ತಿದ್ದಾರೆ, ನನಗೆ ಮಾತ್ರ ಹಿಂದಿನ ನೀಲಿ ಪರದೆಯ ಮುಂದಿನ ಸ್ಟೂಲಿನ ಮೇಲೆ ಯಾರೋ ಕೂತು ಕಾಯುತ್ತಿದ್ದಾರೆ ಎನ್ನಿಸುತ್ತಿತ್ತು. ತಿರುಗಿ ನೋಡಿದೆ, ಒಂದಲ್ಲ ಹತ್ತು ಸಲ. ಸ್ಟೂಲನ್ನು ಒಯ್ದು ಹಿತ್ತಲಲ್ಲಿಟ್ಟು ಬಂದೆ. ಖಾಲಿ ಜಾಗ ಇನ್ನೂ ಕೆಟ್ಟದಾಗಿತ್ತು. ಮತ್ತೆ ತಂದಿಟ್ಟೆ.

ಹಾಗೆ ತಂದಿಡುವಾಗಲೇ ನೆನಪಾಯಿತು. ಮೂರನೇ ಸಲ ಬಂದಾಗ, ಫೋಟೋ ತೆಗೆದಾದ ಮೇಲೆ ಅವಳು ಆ ಸ್ಟೂಲಿನ ಮೇಲೆ ಕೂತಿರಲಿಲ್ಲ. ಅಂಗಡಿ ಬಾಗಿಲಲ್ಲಿ ನಿಂತಿದ್ದಳು.

ಅವತ್ತು ಅವಳು ಪೇಟೆಯಲ್ಲಿ ನೂಲು ಕೊಂಡುಕೊಂಡು ಬಂದಿದ್ದಳು. ನಾನು ಪರದೆಯ ಮೇಲೆ ಅವಳನ್ನು ಬೆಳ್ಳಗೆ ಮಾಡುತ್ತಿದ್ದಾಗ, ತಾಯಿ ಇನ್ನೊಂದು ಸೊಲ್ಪ ಎನ್ನುತ್ತಿದ್ದಾಗ, ಈ ಹುಡುಗಿ ಪೊಟ್ಟಣ ಬಿಚ್ಚಿ ಒಂದೊಂದೇ ರೀಲು ತೆಗೆದು ತನ್ನ ಮುಂಗೈ ಮೇಲಿಟ್ಟು ನೋಡುತ್ತಿದ್ದಳು. ಆಮೇಲೆ ಹೊಸ್ತಿಲಿಗೆ ಹೋಗಿ ಬಿಸಿಲಿಗೆ ಹಿಡಿದಳು.

"ಏನ್ ಮಾಡ್ತೀಯೇ?" ಎಂದಿದ್ದೆ.

"ಅಂಗಡಿ ಲೈಟಿನಾಗೆ ನೂಲು ಹೊಂದಿಸಬಾರ್ದು ಅಕ್ಕ. ಒಳಗೆ ಒಂದು ಕಾಣ್ತೈತೆ, ಹೊರಗೆ ಇನ್ನೊಂದು ಆಗಿರ್ತೈತೆ. ಬಿಸಿಲಿಗೇ ತರಬೇಕು." ಒಂದು ರೀಲು ಆರಿಸಿ ತಂದು ನನ್ನ ಮೇಜಿನ ಮೇಲಿಟ್ಟಳು. "ಸರಿಯಾಗಿ ಹೊಂದ್ತು. ಇದು ನನ್ನ ಬಣ್ಣ. ಮುಂದಿನ ಸಲ ಫೋಟೋ ಮಾಡುವಾಗ ಇದನ್ನ ನೋಡ್ಕಂಡು ಮಾಡ್ರಿ, ಆತಾ?"

ನಾನು ನಕ್ಕಿದ್ದೆ. ತಾಯಿಯೂ ನಕ್ಕಿದ್ದಳು. ಅವಳೂ ನಕ್ಕಿದ್ದಳು, ಅದಕ್ಕೇ ಅದು ತಮಾಷೆ ಅಂದುಕೊಂಡೆವು. ರೀಲನ್ನು ಡ್ರಾಯರಿಗೆ ಎಸೆದೆ.

ಡ್ರಾಯರು ಕಿತ್ತು ನೆಲಕ್ಕೆ ಸುರಿದೆ. ಹಳೆಯ ನೆಗೆಟಿವ್, ಕತ್ತರಿ, ಸತ್ತ ಬ್ಯಾಟರಿ, ಊದುಬತ್ತಿ. ಅಡಿಯಲ್ಲಿ ರೀಲು ಸಿಕ್ಕಿತು. ಖಾಲಿ ರೀಲು. ಪ್ಲಾಸ್ಟಿಕ್ಕಿನ ಬಿಳಿ ಬುಡ ಮಾತ್ರ, ಒಂದೆಳೆ ನೂಲಿಲ್ಲ. ಅಲ್ಲೇ ನೆಲದ ಮೇಲೆ ಕೂತು ಅತ್ತುಬಿಟ್ಟೆ. ನನ್ನ ಕೈಯಲ್ಲಿ ಕೊಟ್ಟು ಹೋಗಿದ್ದಳು, ಅದನ್ನೂ ಮುಗಿಸಿದ್ದೆ. ಯಾವುದಕ್ಕೆ ಮುಗಿಸಿದೆ? ಆಲ್ಬಮ್ಮು ಹೊಲಿಯಲು ಒಂದಷ್ಟು, ಅವು ಗಿರಾಕಿಗಳ ಮನೆ ಸೇರಿವೆ. ಪರದೆಯ ಹರಿದ ಅಂಚಿಗೆ ಒಂದಷ್ಟು, ಅದು ಫ್ಲಾಷಿನ ಬೆಳಕಿಗೆ ಬಿಳಿಚಿಕೊಂಡಿತ್ತು. ಉಬ್ರಾಣಿಗೆ ಒಂದು ಮದುವೆಗೆ ಹೋಗುವಾಗ ಕ್ಯಾಮೆರಾ ಚೀಲದ ಪಟ್ಟಿ ಕಿತ್ತು ಬಂದಿತ್ತು.

ಚೀಲ ಎಳೆದುಕೊಂಡೆ. ಪಟ್ಟಿಯನ್ನು ನಾನು ಒಳಗಿನಿಂದ, ಮುಚ್ಚಳದ ಅಡಿಗೆ ಹೊಲಿದಿದ್ದೆ. ಹೊಲಿಗೆ ಬಾರದವಳ ಹೊಲಿಗೆ, ಸೊಟ್ಟಪಟ್ಟ, ಹರಿಯದಿರಲಿ ಎಂದು ಒಂದರ ಮೇಲೊಂದು ಹತ್ತು ಸುತ್ತು. ಬಿಸಿಲು ತಾಗದೆ, ಕೊಳೆ ತಾಗದೆ, ಅಲ್ಲಿ ಹೆಬ್ಬೆರಳಿನಷ್ಟು ಜಾಗದಲ್ಲಿ ಆ ಬಣ್ಣ ಹಾಗೇ ಇತ್ತು. ಅವಳ ಮುಖ ಎಲ್ಲಿ ನೋಡಿದ್ದೇನೆ ಎಂದು ಹನ್ನೊಂದು ತಿಂಗಳು ಹುಡುಕಿದ್ದೆನಲ್ಲ, ಆ ಹನ್ನೊಂದು ತಿಂಗಳೂ ಅವಳು ನನ್ನ ಹೆಗಲಿಗೇ ತೂಗುಬಿದ್ದಿದ್ದಳು.

ಚೀಲವನ್ನು ಹೊಸ್ತಿಲಿಗೆ ಒಯ್ದೆ. ಬಿಸಿಲಿಗೆ ಹಿಡಿದೆ. ಪಕ್ಕದಲ್ಲಿ ಬಿಳಿ ಕಾಗದ ಇಟ್ಟು, ಬೆಳಕಿನ ಲೆಕ್ಕ ತಪ್ಪದಂತೆ ಆ ಹೊಲಿಗೆಯ ಫೋಟೋ ತೆಗೆದೆ. ಬೀದಿಯವರು ನೋಡಿ ಏನಂದುಕೊಂಡರೋ.

ತಾಯಿ ಹೇಳಿದ ದಿನಕ್ಕೆ ಬಂದಳು. ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡೇ ಕೆಲಸ ಮಾಡಿದೆ. ಈ ಸಲ ಪೆಟ್ಟಿಗೆ ತುಂಬಿದವಳು ನಾನು, ಕಂಪ್ಯೂಟರಲ್ಲ. ನೂಲಿನ ಬಣ್ಣವನ್ನು ನಡುವೆ ಇಟ್ಟು, ಅದರ ನೆರಳು, ಅದರ ಹೊಳಪು, ಕೆನ್ನೆಗೆ ಬೀಳುವ ಬೆಳಕು, ಹೀಗೆ ಮೊದಲು ಮುಖಕ್ಕೆ ನೂರಿಪ್ಪತ್ತು ಗೂಡು ತೆಗೆದು ಬೀಗ ಹಾಕಿದೆ. ಹಳದಿ ಕೆಂಪು ಹಿನ್ನೆಲೆ ಕಿತ್ತೆಸೆದೆ, ಒಂದೇ ಬಣ್ಣ ಸಾಕು. ಹಾರವನ್ನು ಸಣ್ಣದು ಮಾಡಿದೆ. ಎಲ್ಲ ಚೌಕಟ್ಟಿಗೂ ಒಂದೇ ಪೆಟ್ಟಿಗೆ. ಮುಖದ ಮೇಲೆ ಚುಕ್ಕೆ ಉದುರದಂತೆ ತಡೆದೆ. ಫೋನಿನಿಂದ ಫೋನಿಗೆ ದಾಟುವಾಗ ಬಣ್ಣ ಕೆಡುತ್ತದೆ, ಅದಕ್ಕೆ ಚಿತ್ರವನ್ನು ಹಂಚದೆ ಪುಟದಲ್ಲೇ ಇಟ್ಟು ಲಿಂಕ್ ಮಾತ್ರ ಕೊಡಬೇಕು. ತಾಯಿ ನಡುನಡುವೆ ಹೇಳುತ್ತಿದ್ದಳು: "ಕಣ್ಣಿನ ಕೆಳಗೆ ಇನ್ನೂ ಕಪ್ಪು. ಹಂಗೆ. ಮೂಗಿನ ತುದಿ ಮಿಂಚಬೇಕು. ಕತ್ತು ಮುಖಕ್ಕಿಂತ ಸೊಲ್ಪ ಗಾಢ." ಅವತ್ತು ಅದೇ ಬೆಂಚಿನಲ್ಲಿ ಕೂತು ಹೇಳಿದ್ದನ್ನೆಲ್ಲ ಈಗ ಒಂದೊಂದಾಗಿ ವಾಪಸು ತೆಗೆದುಕೊಳ್ಳುತ್ತಿದ್ದಳು. ನಾನೂ ವಾಪಸು ಮಾಡುತ್ತಿದ್ದೆ.

ಕೊನೆಗೆ ಓಡಿಸಿದೆ. ದೀಪದ ಕುಡಿ ಓಲಾಡಿತು. ಮುಖ ಅಲ್ಲಾಡಲಿಲ್ಲ. ಹನ್ನೊಂದು ತಿಂಗಳು ಏನೋ ಹೇಳಲು ಹೊರಟಂತಿದ್ದ ತುಟಿ ನಿಂತಿತು. ನನಗೆ ಸಮಾಧಾನವಾಗಬೇಕಿತ್ತು. ಆಯಿತು ಕೂಡ. ಆದರೆ ಅದರ ಜೊತೆಗೆ, ಇನ್ನು ಇವಳು ನನಗೆ ಏನೂ ಹೇಳುವುದಿಲ್ಲ ಎಂದೂ ಅನ್ನಿಸಿತು.

ತಾಯಿ ಫೋನಿನಲ್ಲಿ ಲಿಂಕ್ ತೆರೆಸಿಕೊಂಡಳು. ನಾನು ಹೇಳದೆಯೇ ಎದ್ದು ಹೊಸ್ತಿಲಿಗೆ ಹೋದಳು. ಬಿಸಿಲಿಗೆ ಹಿಡಿದು, ಕಣ್ಣು ಕಿರಿದು ಮಾಡಿ, ತುಂಬ ಹೊತ್ತು ನೋಡಿದಳು.

"ಬಂದ್ಲು" ಎಂದಳು.

ಕಟ್ಟು ಹಾಕಿಸಲು ಅದನ್ನೇ ದೊಡ್ಡದಾಗಿ ಮುದ್ರಿಸಲು ಪಟ್ಟಣದ ಲ್ಯಾಬಿಗೆ ಕಳಿಸಿದೆ. ಬಣ್ಣ ಮುಟ್ಟಬೇಡಿ ಎಂದು ಬರೆದೂ ಕಳಿಸಿದೆ. ಎಡೆಯ ಹಿಂದಿನ ದಿನ ಬಂತು, ಬೆಳ್ಳಗೆ. ಅಲ್ಲಿಯೂ ಯಾರದೋ ಕೈಗೆ ರೂಢಿ. ಫೋನು ಮಾಡಿ ಬೈಯಲು ಹೊರಟವಳು, ಯಾವ ಬಾಯಲ್ಲಿ ಬೈಯಲಿ ಎಂದು ಇಟ್ಟುಬಿಟ್ಟೆ. ಮತ್ತೆ ಮಾಡಿಸಲು ದಿನವಿರಲಿಲ್ಲ. "ಬಿಡ್ರಿ, ಫೋನೇ ಇಡ್ತೀನಿ" ಎಂದಳು ತಾಯಿ. "ನೀವೂ ಬರ್ರಿ."

ಹೋದೆ. ಕತ್ತಲಗೆರೆಯ ಮನೆ, ನಡುಮನೆಯ ಪಕ್ಕದ ಸಣ್ಣ ಕೋಣೆಯಲ್ಲಿ ಹೊಲಿಗೆ ಮೆಷಿನ್ ಬದಿಗೆ ಸರಿಸಿ ಮಣೆ ಹಾಕಿದ್ದರು. ಮಣೆಯ ಮೇಲೆ ಅಕ್ಕಿ ಹರವಿ, ಅದರಲ್ಲಿ ಫೋನನ್ನು ಒಂದು ತಂಬಿಗೆಗೆ ಒರಗಿಸಿ ನಿಲ್ಲಿಸಿದ್ದರು. ಮುಂದೆ ಬಾಳೆಎಲೆ. ರೊಟ್ಟಿ, ಎಣ್ಣೆಗಾಯಿ, ಮೊಸರನ್ನ, ಅಂಗಡಿಯ ಖಾರಾ ಮಂಡಕ್ಕಿ, ಅವಳಿಗೆ ಇಷ್ಟವಂತೆ ಒಂದು ಕಿತ್ತಳೆ ಬಣ್ಣದ ಐಸ್‌ಕ್ಯಾಂಡಿ, ಬಟ್ಟಲಲ್ಲಿ ಕರಗುತ್ತಿತ್ತು. ಸುತ್ತಲ ಊರುಗಳ ನೆಂಟರೂ ಬಂದಿದ್ದರು. ಒಬ್ಬಾಕೆ ಫೋನಿನತ್ತ ಬಾಗಿ, "ಇದೇನು, ಇಷ್ಟು ಕಪ್ಪಗೆ ಬಂದೈತಲ್ಲ" ಎಂದಳು.

"ಹಂಗೇ ಇದ್ಲು" ಎಂದಳು ತಾಯಿ. "ಹಂಗೇ ಚೆಂದ ಇದ್ಲು."

ಕರ್ಪೂರ ಹಚ್ಚಿದ್ದಾಯಿತು. ಸೋದರಮಾವ ಎಲ್ಲರನ್ನೂ ಹೊರಗೆ ಕರೆದ. ಬಾಗಿಲು ಎಳೆಯುವ ಹೊತ್ತಿಗೆ ಫೋನಿನ ಪರದೆ ಮಂಕಾಯಿತು, ಇನ್ನೆರಡು ಕ್ಷಣಕ್ಕೆ ಆರಿಹೋಯಿತು. ಮಣೆಯ ಮೇಲೆ ಒಂದು ಕಪ್ಪು ಗಾಜು ಮಾತ್ರ ಉಳಿಯಿತು. ತಾಯಿ ಓಡಿಹೋಗಿ ಬೆರಳಿಂದ ಮುಟ್ಟಿದಳು. ಮುಖ ಬಂತು. ದೀಪ ಉರಿಯಿತು. ಅವಳು ತಿರುಗಿದ ಕೂಡಲೇ ಮತ್ತೆ ಮಂಕು. ಮತ್ತೆ ಮುಟ್ಟಿದಳು.

"ಬಾರಮ್ಮ ಹೊರಗೆ. ಒಳಗೆ ಯಾರೂ ಇರಬಾರ್ದು, ಅವಳು ಬರಬೇಕಲ್ಲ" ಎಂದ ಸೋದರಮಾವ.

"ಆರಿಹೋಗ್ತೈತೆ ಅಣ್ಣ. ಬಂದಾಗ ಕತ್ತಲಿದ್ರೆ ಗುರ್ತು ಹೆಂಗೆ ಹಿಡೀತಾಳೆ? ನೀವು ಹೊರಗೆ ಕೂತ್ಕಳ್ರಿ. ನಾನು ಇಲ್ಲೇ ಕೂತಿರ್ತೀನಿ."

ಹಾಗೆ ಯಾರೂ ಮಾಡಿದ್ದಿಲ್ಲ. ಆದರೆ ಬೇರೆ ದಾರಿ ಯಾರಿಗೂ ತೋಚಲಿಲ್ಲ. ಎಲ್ಲರೂ ನನ್ನ ಮುಖ ನೋಡಿದರು, ಈ ಫೋನು ಕಂಪ್ಯೂಟರು ಎಲ್ಲ ನನಗೆ ತಾನೇ ಗೊತ್ತಿರುವುದು. ಪರದೆ ಆರದಂತೆ ಮಾಡುವುದು ಎಲ್ಲಿ ಎಂದು ನನಗೆ ಗೊತ್ತಿತ್ತು. ಸೆಟ್ಟಿಂಗ್ ತೆರೆದು ಎರಡು ಸಲ ಒತ್ತಿದರೆ ಮುಗಿಯಿತು, ಹತ್ತು ಸೆಕೆಂಡಿನ ಕೆಲಸ. ಹಾಗೆ ಮಾಡಿದರೆ ತಾಯಿ ಎದ್ದು ಎಲ್ಲರಂತೆ ಹೊರಗೆ ಬಂದು ಕೂರಬೇಕಾಗುತ್ತಿತ್ತು.

"ಏನೂ ಮಾಡಾಕೆ ಬರಲ್ಲ" ಎಂದೆ. "ಯಾರಾದ್ರೂ ಮುಟ್ತಾ ಇರಬೇಕು."

ಸೋದರಮಾವ ಬಾಗಿಲು ಮುಂದೆ ಮಾಡಿದ. ಪೂರ್ತಿ ಕೂಡಲಿಲ್ಲ, ಒಂದು ಬೆರಳಷ್ಟು ಸಂದು ಉಳಿಯಿತು. ನಾನು ಅದರ ಎದುರಿಗೇ ಕೂತಿದ್ದೆ. ಒಳಗೆ ಬೆಳಕು ಸಣ್ಣಗಾಗುತ್ತಿತ್ತು, ಅವಳು ಕೈ ಚಾಚಿ ಮಗಳ ಕೆನ್ನೆ ಮುಟ್ಟುತ್ತಿದ್ದಳು, ಬೆಳಕು ಬರುತ್ತಿತ್ತು. ಎಷ್ಟು ಸಲವೋ ಲೆಕ್ಕ ಇಡಲಿಲ್ಲ. ಹೊರಗೆ ಯಾರೋ ಸಾಕೇನೋ ಎಂದರು, ಇನ್ನೂ ಸ್ವಲ್ಪ ಹೊತ್ತು ಎಂದೆ ನಾನು.